ಮಕ್ಕಳು ಬರುವ ದಿನದಿಂದ ಹಿಂದಕ್ಕೆ ಎಣಿಸಿ

ಅವಧಿಗೆ ಮುಂಚೆ ಕೆಲಸ ಬಿಟ್ಟವರು ಬೇಸಿಗೆಯನ್ನು ಹೇಗೆ ಕಳೆಯುತ್ತೀರಿ, ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಎರಡೇ ವಿಷಯದ ಸುತ್ತ ಇವೆ: ಹಿತ್ತಲು ಮತ್ತು ಊರಿಗೆ ಬರುವ ಮಕ್ಕಳು ಮೊಮ್ಮಕ್ಕಳು. ನನಗೆ ಆಶ್ಚರ್ಯ ಆಗಲಿಲ್ಲ. 2001ರಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಸ್ವಯಂ ನಿವೃತ್ತಿ ಯೋಜನೆ ಬಂದಾಗ ನಾನೂ 46ನೇ ವಯಸ್ಸಿನಲ್ಲಿ ಕೆಲಸ ಬಿಟ್ಟು ಬಂದವಳು. ಅವತ್ತಿನಿಂದ ಮೈಸೂರಿನ ನಮ್ಮ ಮನೆ ಹಿಂದಿನ 20 ಅಡಿಗೆ 30 ಅಡಿ ಜಾಗದಲ್ಲೇ ನನ್ನ ಬೆಳಗುಗಳು ಕಳೆದಿವೆ. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿದ್ದೀರಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: 54ಕ್ಕೇ ಶಾಲೆ ಬಿಟ್ಟೆ. ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಇಬ್ಬರು ಮೊಮ್ಮಕ್ಕಳು ಬರುತ್ತಾರೆ. ಹೋದ ವರ್ಷ ಅವರು ಬಂದಾಗ ಹಿತ್ತಲಲ್ಲಿ ಒಣಗಿದ ಬಳ್ಳಿ ಬಿಟ್ಟು ಏನೂ ಇರಲಿಲ್ಲ, ಎಲ್ಲ ಮಾರ್ಚ್‌ನಲ್ಲೇ ಮುಗಿದಿತ್ತು. ಈ ಸಲ ಅವರ ಕೈಯಲ್ಲೇ ಕೀಳಿಸಬೇಕು. ಏನು ಹಾಕಲಿ, ಯಾವಾಗ ಹಾಕಲಿ?
— ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಮೊದಲು ಕ್ಯಾಲೆಂಡರ್ ಕೆಳಗಿಳಿಸಿ ಮಕ್ಕಳು ಬರುವ ತಾರೀಖಿಗೆ ಗುರುತು ಹಾಕಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ನಾವು ಬೀಜ ಕೈಗೆ ಸಿಕ್ಕ ದಿನ ಬಿತ್ತುತ್ತೇವೆ, ಸಂಕ್ರಾಂತಿ ಮುಗಿದ ಕೂಡಲೇ ಉತ್ಸಾಹದಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿಬಿಡುತ್ತೇವೆ. ಅದಕ್ಕೇ ಮಕ್ಕಳು ಬರುವಷ್ಟರಲ್ಲಿ ಬಳ್ಳಿ ಮುದಿಯಾಗಿರುತ್ತದೆ.

ಮಕ್ಕಳು ಏಪ್ರಿಲ್ 10ಕ್ಕೆ ಬರುತ್ತಾರೆ ಅಂದುಕೊಳ್ಳೋಣ. ಬೆಂಡೆ, ಸೌತೆ ಎರಡಕ್ಕೂ ಬಿತ್ತಿದ ದಿನದಿಂದ ಮೊದಲ ಕಾಯಿಗೆ 45ರಿಂದ 50 ದಿನ ಬೇಕು. ಅಂದರೆ ಫೆಬ್ರವರಿ 20ರ ಆಸುಪಾಸು. ಹೀರೆ, ಅಲಸಂದೆ, ಗೋರಿಕಾಯಿಗೆ ಇನ್ನೊಂದು ಹತ್ತು ದಿನ ಜಾಸ್ತಿ ಕೊಡಿ, ಫೆಬ್ರವರಿ ಎರಡನೇ ವಾರ ಸರಿಯಾಗುತ್ತದೆ. ಬದನೆಯದ್ದು ಬೇರೆ ಲೆಕ್ಕ: ಸಸಿ ಮಡಿಯಲ್ಲಿ ಒಂದು ತಿಂಗಳು, ನೆಟ್ಟ ಮೇಲೆ ಎರಡು ತಿಂಗಳು, ಹಾಗಾಗಿ ಜನವರಿ ಮೊದಲ ಹತ್ತು ದಿನದೊಳಗೆ ಬೀಜ ಹಾಕಬೇಕು. ದಂಟು, ಹರಿವೆ 25-30 ದಿನಕ್ಕೇ ಕೈಗೆ ಬರುತ್ತವೆ, ಅವನ್ನು ಮಾರ್ಚ್ 10ರ ನಂತರ ಹತ್ತು ದಿನಕ್ಕೊಮ್ಮೆ ಒಂದೊಂದು ಪಟ್ಟೆ ಹಾಕುತ್ತಾ ಹೋಗಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆ ಸಿಕ್ಕಿದರೆ ತನ್ನಿ. ಒಂದು ಸಲ ಕೊಯ್ದರೆ ಮತ್ತೆ ಚಿಗುರುತ್ತದೆ, ಬೇರುಸಮೇತ ಕೀಳಬೇಕಿಲ್ಲ.

ಮಕ್ಕಳಿಗೋಸ್ಕರ ನಾನು ತಪ್ಪದೇ ಹಾಕುವುದು ಕಡಲೆಕಾಯಿ. ಜನವರಿ ಮೊದಲ ವಾರ ಎರಡು ಸಾಲು ಹಾಕಿದರೆ 110 ದಿನಕ್ಕೆ, ಅಂದರೆ ಏಪ್ರಿಲ್ ಕೊನೆಯ ವಾರಕ್ಕೆ ಕೀಳಬಹುದು. ಗಿಡದ ಮೇಲೆ ಏನೂ ಕಾಣುವುದಿಲ್ಲ. ಹಳದಿ ಹೂ ಬಿಟ್ಟು, ಆ ಹೂವಿನ ಬುಡದಿಂದ ಒಂದು ಮೊಳೆ ಇಳಿದು ಮಣ್ಣು ಹೊಕ್ಕು, ಅಲ್ಲಿ ಕತ್ತಲಲ್ಲಿ ಕಾಯಿ ಕಟ್ಟಿರುತ್ತದೆ. ಹಿಂದಿನ ರಾತ್ರಿ ನೀರು ಹಾಯಿಸಿ ಮಣ್ಣು ಮೆತ್ತಗೆ ಮಾಡಿಡಿ. ಬೆಳಗ್ಗೆ ಆರು ವರ್ಷದ ಮಗು ಗಿಡ ಹಿಡಿದು ಜಗ್ಗಿದಾಗ ಬುಡದಲ್ಲಿ ಗೊಂಚಲು ಗೊಂಚಲು ಕಾಯಿ ಬರುತ್ತವಲ್ಲ, ಆಗ ಅದರ ಮುಖ ನೋಡಬೇಕು. ಉಪ್ಪು ಹಾಕಿ ಅಲ್ಲೇ ಬೇಯಿಸಿ ಕೊಡಿ. ನನ್ನ ದೊಡ್ಡ ಮೊಮ್ಮಗ ಈಗ ಕಾಲೇಜಿಗೆ ಹೋಗುತ್ತಾನೆ, ಅವನು ಇವತ್ತಿಗೂ ಫೋನಿನಲ್ಲಿ ಮೊದಲು ಕೇಳುವುದು ಕಡಲೆಕಾಯಿ ಹಾಕಿದ್ದೀಯಾ ಅಂತಲೇ.

ಇನ್ನೊಂದು ವಿಷಯ. ಹೀರೆ ಹೂ ಸಂಜೆ ಅರಳುತ್ತದೆ, ಸೌತೆ ಹೂ ಬೆಳಗ್ಗೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. ಹೆಣ್ಣು ಹೂವಿನ ಹಿಂದೆ ಕಿರುಬೆರಳಿನಷ್ಟು ಕಾಯಿ ಆಗಲೇ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಊರಲ್ಲಿ ಜೇನು ಕಡಿಮೆಯಾಗಿದ್ದರೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿಸಿ. ಮಾರನೇ ದಿನದಿಂದ ಆ ಕಾಯಿ ತಮ್ಮದು ಅಂತ ಅವರೇ ಕಾಯುತ್ತಾರೆ. ಮಕ್ಕಳು ಬಂದಾಗ ಎಲ್ಲ ಕಾಯಿಯೂ ಕೊಯ್ಲಿಗೆ ತಯಾರಾಗಿ ನಿಂತಿರಬೇಕು ಅಂತೇನಿಲ್ಲ ನೋಡಿ. ಅರ್ಧ ತಯಾರಾಗಿರಲಿ, ಅರ್ಧ ಅವರ ಕಣ್ಣೆದುರು ಬೆಳೆಯಲಿ. ಅದಕ್ಕೆ ಬೀಜವನ್ನು ಒಂದೇ ದಿನ ಹಾಕದೆ ಎರಡು ಕಂತಿನಲ್ಲಿ ಹಾಕಿ.

ನೀರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಳಗ್ಗೆ ಏಳರೊಳಗೆ ಬುಡಕ್ಕೆ ಹಾಕಿ. ಒಂದು ದಿನ ತುಂಬಾ, ಎರಡು ದಿನ ಇಲ್ಲ ಅಂತ ಮಾಡಿದರೆ ಸೌತೆ ಕಹಿಯಾಗುತ್ತದೆ. ತೆಂಗಿನ ಸಿಪ್ಪೆ, ಒಣ ಎಲೆ, ಏನು ಸಿಕ್ಕರೂ ಬುಡಕ್ಕೆ ಮೂರು ಬೆರಳು ದಪ್ಪ ಹೊದಿಸಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಗಿಡಕ್ಕೇ ಹೋಗಲಿ.

ಪ್ರಶ್ನೆ: ಬೆಂಡೆ ಎಲೆಯ ನರ ಎಲ್ಲ ಹಳದಿಯಾಗಿ ಬಲೆ ಥರ ಕಾಣುತ್ತಿದೆ. ಕಾಯಿಯೂ ಬಿಳಚಿಕೊಂಡಿದೆ. ಗೊಬ್ಬರ ಕಡಿಮೆಯಾಯಿತಾ?
— ಓದುಗರು, ಮಂಡ್ಯ

ಉತ್ತರ: ಗೊಬ್ಬರದ ತೊಂದರೆ ಅಲ್ಲ, ಇದು ನಂಜು (ವೈರಸ್) ರೋಗ. ಬಿಳಿ ನೊಣ ಹರಡುತ್ತದೆ, ಬಿಸಿಲು ಏರಿದಂತೆ ಜಾಸ್ತಿ. ಬಂದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ದೂರ ಹಾಕಿ. ಉಳಿದ ಗಿಡಗಳಿಗೆ ವಾರಕ್ಕೊಮ್ಮೆ ಎಲೆಯ ಅಡಿಗೆ ತಾಗುವ ಹಾಗೆ ಬೇವಿನ ಎಣ್ಣೆ ಸಿಂಪಡಿಸಿ, ಲೀಟರ್ ನೀರಿಗೆ ಐದು ಮಿಲಿ, ಬೆರೆಯಲು ಚೂರು ಸೋಪಿನ ನೀರು. ಮುಂದಿನ ಸಲ ಈ ರೋಗ ತಡೆಯಲೆಂದೇ ಬೆಳೆಸಿದ ಅರ್ಕಾ ಅನಾಮಿಕಾ ತಳಿ ಹಾಕಿ ನೋಡಿ.

ಪ್ರಶ್ನೆ: ನಾನು 53ಕ್ಕೆ ಕಂಪನಿ ಬಿಟ್ಟೆ. ಸಾಲ ಇಲ್ಲ, ಮನೆ ಇದೆ, ಮಗಳು ಓದು ಮುಗಿಸಿದ್ದಾಳೆ. ಆದರೂ ಬೆಳಗ್ಗೆ ವಾಕಿಂಗ್‌ನಲ್ಲಿ ಯಾರಾದರೂ 'ಈಗ ಏನು ಮಾಡ್ತಿದ್ದೀರಿ?' ಅಂದರೆ ಬಾಯಿ ಕಟ್ಟಿಹೋಗುತ್ತದೆ. ತೋಟ ಮಾಡ್ತೀನಿ ಅಂದರೆ 'ಅದು ಸರಿ, ಮತ್ತೆ?' ಅನ್ನುತ್ತಾರೆ. ನಾನು ತಪ್ಪು ಮಾಡಿದೆನಾ?
— ಓದುಗರು, ತುಮಕೂರು

ಉತ್ತರ: ನಿಮ್ಮ ಪತ್ರ ಓದಿ ನನ್ನ ಮೊದಲ ವರ್ಷ ನೆನಪಾಯಿತು. ಬೆಳಗ್ಗೆ ಒಂಬತ್ತಕ್ಕೆ ಕೌಂಟರ್ ತೆರೆಯುವ ಹೊತ್ತಿಗೆ ಎದೆಯಲ್ಲಿ ಏನೋ ಚಡಪಡಿಕೆ. ಸೀರೆ ಉಟ್ಟು ಎಲ್ಲಿಗೂ ಹೋಗುವುದಿಲ್ಲ ಅನ್ನುವುದು ಅಭ್ಯಾಸವಾಗಲು ಎಂಟು ತಿಂಗಳು ಹಿಡಿಯಿತು. ಅಷ್ಟು ದಿನ ಹಿಡಿಯುತ್ತದೆ, ಅದಕ್ಕೆ ನೀವು ಹೆದರಬೇಡಿ.

'ಮತ್ತೆ?' ಅಂತ ಕೇಳುವವರಿಗೆ ಉತ್ತರ ಕೊಡುವ ಜವಾಬ್ದಾರಿ ನಿಮ್ಮದಲ್ಲ. ಆದರೆ ನಿಮಗೆ ನೀವು ಕೊಟ್ಟುಕೊಳ್ಳಬೇಕಾದ ಉತ್ತರ ಒಂದಿದೆ, ಅದು ಇವತ್ತು ಏನು ಅನ್ನುವುದು. ಕೆಲಸದಲ್ಲಿದ್ದಾಗ ಅದನ್ನು ಬೇರೆಯವರು ತೀರ್ಮಾನ ಮಾಡುತ್ತಿದ್ದರು. ಈಗ ಮಳೆ ನಕ್ಷತ್ರ ತೀರ್ಮಾನ ಮಾಡಲಿ. ನಮ್ಮ ಹಿರಿಯರ ವರ್ಷ ಜನವರಿಯಿಂದ ಶುರುವಾಗುತ್ತಿರಲಿಲ್ಲ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಮೇ ಕೊನೆಗೆ ರೋಹಿಣಿ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ', 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅಂತ ನಿಮ್ಮ ಅಜ್ಜಿಯೂ ಹೇಳಿರುತ್ತಾರೆ. ಹದಿಮೂರು ಹದಿನಾಲ್ಕು ದಿನದ ಒಂದೊಂದು ಮಳೆಗೂ ಒಂದೊಂದು ಕೆಲಸ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ ತೆಗೆದು ಮಳೆ ಬಂದ ದಿನ, ಬಿತ್ತಿದ ದಿನ, ಮೊದಲ ಹೂವಿನ ದಿನ ಬರೆಯಿರಿ. ನನ್ನ ಹತ್ತಿರ ಅಂಥ 24 ಪುಸ್ತಕ ಇವೆ. ಯಾವ ವರ್ಷ ಮಲ್ಲಿಗೆ ಯಾವಾಗ ಬಿಟ್ಟಿತು, ಅವತ್ತು ಮನೆಗೆ ಯಾರು ಬಂದಿದ್ದರು, ಎಲ್ಲ ಅದರಲ್ಲಿದೆ. ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಬರೆದ ಲೆಜರ್ ಒಂದೂ ನನ್ನ ಹತ್ತಿರ ಇಲ್ಲ.

ನೀವು ತಪ್ಪು ಮಾಡಿಲ್ಲ.

ಪ್ರಶ್ನೆ: ಖಾಸಗಿ ಕಾರ್ಖಾನೆಯಲ್ಲಿ 27 ವರ್ಷ ದುಡಿದು 55ಕ್ಕೆ ಸ್ವಯಂ ನಿವೃತ್ತಿ ತಗೊಂಡೆ. ಪಿಎಫ್ ಪೆನ್ಷನ್ ಈಗಲೇ ಶುರು ಮಾಡಲಾ, 58ರ ತನಕ ಕಾಯಲಾ? ಬಂದ ಹಣ ಎಲ್ಲಿಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಹತ್ತು ವರ್ಷ ಸೇವೆ ಆಗಿದ್ದರೆ 50 ದಾಟಿದ ಮೇಲೆ ಯಾವಾಗ ಬೇಕಾದರೂ ಕೇಳಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟಕ್ಕೂ ವರ್ಷಕ್ಕೆ ಶೇ 4ರಂತೆ ಕಡಿತ ಆಗುತ್ತದೆ, ಮತ್ತು ಆ ಕಡಿತ ಜೀವನಪೂರ್ತಿ ಇರುತ್ತದೆ. ಮನೆ ಖರ್ಚಿಗೆ ಬೇರೆ ದಾರಿ ಇದ್ದರೆ ಕಾಯಿರಿ. 58 ಆದ ಮೇಲೂ 60ರ ತನಕ ಮುಂದೂಡಿದರೆ ಅದೇ ಲೆಕ್ಕದಲ್ಲಿ ಸ್ವಲ್ಪ ಏರುತ್ತದೆ.

ನಿವೃತ್ತಿಯಿಂದ ಬಂದ ಹಣಕ್ಕೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ನೋಡಿ. ಸಾಮಾನ್ಯವಾಗಿ 60 ಆಗಿರಬೇಕು, ಆದರೆ 55 ದಾಟಿ ನಿವೃತ್ತಿ ಆದವರಿಗೆ ಅವಕಾಶ ಇದೆ. ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಇಡಬೇಕು, ಬಹಳ ಜನ ಇದನ್ನು ತಿಳಿಯದೆ ತಡ ಮಾಡುತ್ತಾರೆ. 2023ರಿಂದ ಮಿತಿ 30 ಲಕ್ಷ. ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಸೇರಿದ ದಿನದ ದರವೇ ಐದು ವರ್ಷ ನಡೆಯುತ್ತದೆ. ಬಡ್ಡಿಗೆ ತೆರಿಗೆ ಇದೆ. ಆರೋಗ್ಯ ವಿಮೆ ಕಂಪನಿಯ ಜೊತೆಗೇ ಹೋಗಿದ್ದರೆ, ಬೇರೆ ಏನು ಮಾಡುವ ಮುಂಚೆ ಅದನ್ನು ಸ್ವಂತಕ್ಕೆ ಮಾಡಿಸಿ.

ಪ್ರಶ್ನೆ: ನಮ್ಮ ಕಡೆ ಏಪ್ರಿಲ್‌ನಾಗ 42 ಡಿಗ್ರಿ ಆಗ್ತದ. ಮನಿ ಮಾಳಿಗಿ ಮ್ಯಾಲ ಕುಂಡ ಇಟ್ಟೀನಿ, ಹೂ ಬಿಡ್ತಾವ, ಉದರತಾವ. ಬ್ಯಾಸಗಿಗೆ ಮಗಳು ಮಕ್ಕಳು ಬರ್ತಾರ. ಅವರು ಬರೂದ್ರಾಗ ಏನರ ಒಂದು ಹಸರು ಕಾಣಬೇಕು.
— ಓದುಗರು, ಕಲಬುರಗಿ

ಉತ್ತರ: ಆ ಬಿಸಿಲಿಗೆ ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಹೂ ಉದುರಿಸಿಯೇ ಉದುರಿಸುತ್ತವೆ. ನಿಮ್ಮ ಆರೈಕೆಯಲ್ಲಿ ತಪ್ಪಿಲ್ಲ. ಅವುಗಳ ಹಟ ಬಿಟ್ಟುಬಿಡಿ. ನಿಮ್ಮ ಸೀಮೆಯ ಪುಂಡಿಪಲ್ಯ ಇದೆಯಲ್ಲ, ಅದು ಬಿಸಿಲಿಗೇ ಹುಟ್ಟಿದ್ದು. ಜವಳಿಕಾಯಿ, ಬಸಳೆ ಕೂಡ ತಡೆಯುತ್ತವೆ. ಮೇಲೆ ಅರ್ಧ ನೆರಳಿನ ಹಸಿರು ಬಲೆ ಕಟ್ಟಿ. ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಒಟ್ಟಿಗಿಡಿ, ಒಂದರ ನೆರಳು ಇನ್ನೊಂದಕ್ಕೆ ಬೀಳಲಿ. ಸುಡುವ ಮಾಳಿಗೆಯ ನೆಲಕ್ಕೆ ನೇರವಾಗಿ ಇಡದೆ ಎರಡು ಇಟ್ಟಿಗೆ ಮೇಲೆ ಇಟ್ಟರೆ ಬೇರು ಬೇಯುವುದಿಲ್ಲ.

ಅಗಲ ತೊಟ್ಟಿ ಇದ್ದರೆ ಅದರ ನಡುವೆ ಒಂದು ಸಣ್ಣ ಮಣ್ಣಿನ ಮಡಿಕೆಯನ್ನು ಕುತ್ತಿಗೆ ತನಕ ಹೂತು, ನೀರು ತುಂಬಿ ಮುಚ್ಚಳ ಮುಚ್ಚಿ. ಹೊಸ ಮಡಿಕೆಯ ಮೈಯಿಂದ ನೀರು ಜಿನುಗಿ ಬೇರಿಗೆ ಬೇಕಾದಷ್ಟೇ ಸಿಗುತ್ತದೆ, ಆವಿಯಾಗಿ ಹೋಗುವುದು ಬಹಳ ಕಡಿಮೆ. ಬಣ್ಣ ಹಚ್ಚಿದ ಮಡಿಕೆ ಬೇಡ. ಆ ಮಡಿಕೆ ತುಂಬಿಸುವ ಕೆಲಸ ಮೊಮ್ಮಕ್ಕಳಿಗೆ ಕೊಡಿ. ಒಂದು ಎಚ್ಚರಿಕೆ: ಒದ್ದೆ ಮಣ್ಣು ಬಹಳ ಭಾರ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಗೇಣು ಆಳದ ತೊಟ್ಟಿ 300 ಕಿಲೋ ದಾಟುತ್ತದೆ. ಮಣ್ಣಿಗೆ ಅರ್ಧದಷ್ಟು ತೆಂಗಿನ ನಾರಿನ ಪುಡಿ ಬೆರೆಸಿ, ತೊಟ್ಟಿಗಳನ್ನು ಗೋಡೆಯ ನೇರಕ್ಕೇ ಇಡಿ.

ಪ್ರಶ್ನೆ: ಮಗಳ ಮನೆಯವರು ಅಮೆರಿಕದಿಂದ ಬರುವುದು ಜೂನ್ ಕೊನೆಗೆ. ಅಷ್ಟರಲ್ಲಿ ಮಾವಿನಹಣ್ಣು ಮುಗಿದಿರುತ್ತದೆ, ಮಿಡಿ ಉಪ್ಪಿನಕಾಯಿ ಹಾಕಿ ಆಗಿರುತ್ತದೆ, ಹಿತ್ತಲು ಬರೀ ಕೆಸರು. 'ಬೇಸಿಗೆ ರಜೆಗೆ ಅಜ್ಜಿ ಮನೆ' ಅನ್ನೋದೇ ಈ ಮಕ್ಕಳಿಗೆ ಸಿಗಲಿಲ್ಲ ಅಂತ ಬೇಜಾರು.
— ಓದುಗರು, ಸಾಗರ

ಉತ್ತರ: ಅಲ್ಲಿಯ ಶಾಲೆಗಳಿಗೆ ದೊಡ್ಡ ರಜೆ ಸಿಗುವುದೇ ಜೂನ್‌ನಿಂದ ಆಗಸ್ಟ್. ಅವರ ಬೇಸಿಗೆ ನಿಮ್ಮ ಮಲೆನಾಡಿನ ಮಳೆಗಾಲ. ನೀವು ಕಂಡ ಬಾಲ್ಯವನ್ನೇ ಅವರಿಗೆ ಕೊಡಬೇಕು ಅಂತ ಹೊರಟರೆ ಬೇಜಾರೇ ಆಗುತ್ತದೆ. ನಿಮ್ಮ ಊರಿನ ಜುಲೈಯನ್ನು ಕೊಡಿ.

ನಿಮ್ಮ ಜುಲೈಯಲ್ಲಿ ಏನಿಲ್ಲ ಹೇಳಿ. ಕೆಸುವಿನ ಎಲೆ ಬಂದಿರುತ್ತದೆ. ಎಲೆ ಹರವಿ, ಹಿಟ್ಟು ಸವರಿ, ಸುರುಳಿ ಸುತ್ತಿ ಪತ್ರೊಡೆ ಮಾಡುವಾಗ ಮಕ್ಕಳ ಕೈಗೂ ಒಂದು ಎಲೆ ಕೊಡಿ (ತುರಿಸದ ಕೆಸುವು ಯಾವುದು ಅಂತ ನಿಮಗೆ ಗೊತ್ತಿರುತ್ತದೆ, ಹುಳಿ ಮಾತ್ರ ಮರೆಯಬೇಡಿ). ಹಲಸಿನ ಹಣ್ಣು ಇನ್ನೂ ಇರುತ್ತದೆ, ಕಡುಬು ಮಾಡಬಹುದು. ಮಾವು ಪೂರ್ತಿ ಮುಗಿಯುವುದಿಲ್ಲ. ಮಲ್ಲಿಕಾ, ನೀಲಂ ತಡವಾಗಿ ಬರುವ ಜಾತಿ, ಜುಲೈಯಲ್ಲೂ ಸಿಗುತ್ತವೆ. ಹಿತ್ತಲಲ್ಲಿ ಜಾಗ ಇದ್ದರೆ ಒಂದು ಮಲ್ಲಿಕಾ ಕಸಿ ಗಿಡ ಈ ಮಳೆಗಾಲ ಮೊಮ್ಮಗಳ ಕೈಯಿಂದಲೇ ನೆಡಿಸಿ. ನಾಲ್ಕೈದು ವರ್ಷಕ್ಕೆ ಅವಳು ಬರುವ ತಿಂಗಳಲ್ಲೇ ಹಣ್ಣು ಕೊಡುತ್ತದೆ.

ಮೇ ಕೊನೆಯಲ್ಲಿ ಮೊದಲ ಮಳೆಗೆ ಹೀರೆ, ಹಾಗಲ, ಮಳೆಗಾಲದ ಸೌತೆ ಬೀಜ ಏರು ಮಡಿಯ ಮೇಲೆ ಹಾಕಿ ಚಪ್ಪರಕ್ಕೆ ಹತ್ತಿಸಿಬಿಡಿ. ಜುಲೈ ಮಧ್ಯಕ್ಕೆ ಚಪ್ಪರದಡಿ ಕಾಯಿ ಇಳಿಬಿದ್ದಿರುತ್ತವೆ. ಮಿಡಿ ಉಪ್ಪಿನಕಾಯಿಯ ಭರಣಿ ಒಂದನ್ನು ಬಾಯಿ ಕಟ್ಟಿದಂತೆಯೇ ಇಡಿ, ಅವರು ಬಂದ ದಿನ ಬಿಚ್ಚಿ. ವಾಪಸ್ ಹೋಗುವಾಗ ಹಸಿ ಹಣ್ಣು, ಕರಿಬೇವಿನ ಸೊಪ್ಪು ಕಟ್ಟಿಕೊಡಬೇಡಿ, ಅಲ್ಲಿ ಒಳಗೆ ಬಿಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಮಗಳ ಕೈಯಿಂದ ಅದನ್ನು ಕಸದ ಬುಟ್ಟಿಗೆ ಹಾಕಿಸಿದರೆ ಅವಳಿಗೆ ಎಷ್ಟು ಸಂಕಟ ಆಗುತ್ತದೆ ಅಂತ ನನ್ನ ಮಗಳಿಂದ ಕೇಳಿದ್ದೇನೆ.

ಪ್ರಶ್ನೆ: ಟೊರಾಂಟೊದಲ್ಲಿದ್ದೇವೆ. ಯಜಮಾನರು 57ಕ್ಕೆ ಕೆಲಸ ಬಿಟ್ಟರು, ಈಗ ಹಿಂದಿನ ಅಂಗಳವೇ ಅವರ ಪ್ರಪಂಚ. ಅತ್ತೆ ಬೇಸಿಗೆಗೆ ಬರುತ್ತಾರೆ, ಅವರಿಗೆ ಅವರೆಕಾಯಿ ಸಾರು ಅಂದರೆ ಪ್ರಾಣ. ಬಳ್ಳಿ ಆಳೆತ್ತರ ಬೆಳೆಯುತ್ತದೆ, ಹೂವೇ ಬಿಡುವುದಿಲ್ಲ. ಯಾಕೆ?
— ಓದುಗರು, ಕೆನಡಾ

ಉತ್ತರ: ನಮ್ಮ ಸೊಗಡಿನ ಅವರೆ ಹಗಲು ಕಡಿಮೆ, ರಾತ್ರಿ ಜಾಸ್ತಿ ಆದಾಗ ಮಾತ್ರ ಹೂ ಬಿಡುವ ಬಳ್ಳಿ. ಇಲ್ಲಿ ಅದು ಧನುರ್ಮಾಸದ ಕಾಯಿ. ನಿಮ್ಮಲ್ಲಿ ಜೂನ್, ಜುಲೈ ಹಗಲು ಹದಿನೈದು ಗಂಟೆ. ಬಳ್ಳಿ ಹಬ್ಬುತ್ತಲೇ ಇರುತ್ತದೆ, ಹಗಲು ಇಳಿದು ಹೂ ಬರುವಷ್ಟರಲ್ಲಿ ಮಂಜು ಬಿದ್ದು ಸಾಯುತ್ತದೆ. ಹಗಲಿನ ಉದ್ದ ನೋಡದೆ ಹೂ ಬಿಡುವ ತಳಿಗಳೂ ಇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4, ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ಅಂಥವು. ಗಿಡ್ಡ ಗಿಡ, ಎರಡು ಎರಡೂವರೆ ತಿಂಗಳಲ್ಲಿ ಕಾಯಿ. ಬೀಜವನ್ನು ನೀವಾಗಿ ಚೀಲದಲ್ಲಿ ಒಯ್ಯಬೇಡಿ, ಅಲ್ಲಿಯ ಬೀಜದ ಅಂಗಡಿಗಳಲ್ಲೇ ಹಗಲಿನ ಉದ್ದಕ್ಕೆ ಕಾಯದ ಅವರೆ ಇದೆಯಾ ಅಂತ ವಿಚಾರಿಸಿ. ಮೇ ಕೊನೆಗೆ ನೆಲಕ್ಕೆ ಹಾಕಿದರೆ ಆಗಸ್ಟ್‌ನಲ್ಲಿ ಅತ್ತೆಯವರೇ ಕೂತು ಕಾಯಿ ಸುಲಿಯಬಹುದು. ಸೊಗಡು ಸ್ವಲ್ಪ ಕಡಿಮೆ ಇರುತ್ತದೆ, ಅವರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಇಬ್ಬರು ಮಕ್ಕಳು, ಸೊಸೆ, ಅಳಿಯ, ನಾಲ್ಕು ಮೊಮ್ಮಕ್ಕಳು. ಮೇನಲ್ಲಿ ಹದಿನೈದು ದಿನ ಎಲ್ಲರೂ ಬರುತ್ತಾರೆ. ಬರುವ ದಿನ ಬಾಗಿಲಲ್ಲೇ ನಿಂತಿರುತ್ತೇನೆ. ಐದನೇ ದಿನಕ್ಕೆ ಸೊಂಟ ಹಿಡಿದಿರುತ್ತದೆ. ಹೋದ ದಿನ ಅಳು ಬರುತ್ತದೆ, ಅದೇ ದಿನ ರಾತ್ರಿ 'ಅಬ್ಬಾ' ಅನ್ನಿಸುತ್ತದೆ. ಹಾಗನ್ನಿಸಿದ್ದಕ್ಕೆ ಮತ್ತೆ ಪಾಪಪ್ರಜ್ಞೆ. ಬೇಗ ನಿವೃತ್ತಿ ತಗೊಂಡಿದ್ದೇ ಇವರ ಜೊತೆ ಇರೋಣ ಅಂತ ಅಲ್ವಾ?
— ಓದುಗರು, ದಾವಣಗೆರೆ

ಉತ್ತರ: ಆ 'ಅಬ್ಬಾ' ಅನ್ನುವುದು ಮೈ ಹೇಳುವ ಮಾತು, ಮನಸ್ಸು ಹೇಳುವುದಲ್ಲ. ಅದಕ್ಕೆ ಪಾಪಪ್ರಜ್ಞೆ ಬೇಡ. ಹತ್ತು ಜನರಿಗೆ ಮೂರು ಹೊತ್ತು ಅಡುಗೆ ಮಾಡಿ, ನಡುವೆ ಕುರುಕಲು ತಿಂಡಿ ಮಾಡಿ, ಹಾಸಿಗೆ ಹಾಸಿ, ಬಟ್ಟೆ ಒಗೆಸಿ, ಯಾರಿಗೆ ಖಾರ ಆಗುವುದಿಲ್ಲ ಯಾರಿಗೆ ಬದನೆ ಆಗುವುದಿಲ್ಲ ಅಂತ ನೆನಪಿಟ್ಟುಕೊಂಡು ಹದಿನೈದು ದಿನ ನಡೆದರೆ ಯಾರ ಸೊಂಟ ತಾನೇ ನಿಲ್ಲುತ್ತದೆ?

ನಾನೂ ಹೀಗೇ ಮಾಡುತ್ತಿದ್ದೆ. ಕೆಲಸದಲ್ಲಿದ್ದಾಗ ಮಕ್ಕಳಿಗೆ ಬಿಸಿ ಊಟ ಹಾಕಲು ಆಗಲಿಲ್ಲ ಅನ್ನುವ ಕೊರಗು ಇತ್ತಲ್ಲ, ಅದನ್ನು ಹದಿನೈದು ದಿನದಲ್ಲಿ ತೀರಿಸಿಬಿಡುತ್ತೇನೆ ಅಂತ. ಒಂದು ವರ್ಷ ಆರನೇ ದಿನ ಜ್ವರ ಬಂದು ಮಲಗಿದೆ. ಮಗ ಅಡುಗೆಮನೆಗೆ ಹೋಗಿ ಹೆಂಡತಿ ಜೊತೆ ಉಪ್ಪಿಟ್ಟು ಮಾಡಿದ. ಮಕ್ಕಳು ಹಿತ್ತಲಿಂದ ಕರಿಬೇವು ತಂದರು. ಹಾಸಿಗೆಯಿಂದಲೇ ಅವರ ಗಲಾಟೆ ಕೇಳುತ್ತಾ ನನಗೆ ಹೊಳೆದಿದ್ದು ಏನೆಂದರೆ, ಅಷ್ಟು ವರ್ಷ ಅವರು ನನ್ನ ಮನೆಗೆ ನೆಂಟರ ಥರ ಬಂದು ಹೋಗುತ್ತಿದ್ದರು, ಹಾಗೆ ಮಾಡಿದ್ದು ನಾನೇ. 'ಅಮ್ಮ, ನಿನಗೆ ಸುಸ್ತಾಗುತ್ತೆ ಅಂತ ನೀನು ಯಾವತ್ತೂ ಹೇಳಲೇ ಇಲ್ಲ' ಅಂದ ಮಗ. ನಿಜವಾಗಿಯೂ ನಾನು ಹೇಳಿರಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಮಕ್ಕಳದ್ದು. ಅವರು ಏನು ಮಾಡಿದರೂ ಸರಿ, ಬ್ರೆಡ್ ಆದರೂ ಸರಿ. ಆ ಹೊತ್ತು ನಾನು ಮತ್ತು ಮೊಮ್ಮಕ್ಕಳು ಗಿಡಕ್ಕೆ ನೀರು ಹಾಕುತ್ತೇವೆ. ಮಧ್ಯಾಹ್ನ ನನ್ನ ಅಡುಗೆ, ಹಿತ್ತಲಲ್ಲಿ ಅವತ್ತು ಏನು ಬಿಟ್ಟಿದೆಯೋ ಅದರದ್ದೇ. ಎರಡರಿಂದ ನಾಲ್ಕು ನನ್ನ ಕೋಣೆ ಬಾಗಿಲು ಮುಚ್ಚಿರುತ್ತದೆ, ಅದು ಎಲ್ಲರಿಗೂ ಗೊತ್ತು. ಸಂಡಿಗೆ ಹಪ್ಪಳವನ್ನು ಮೊದಲೇ ಮಾಡಿಡುತ್ತಿದ್ದೆ, ಈಗ ಅವರು ಬಂದ ಮೇಲೇ ಇಡುತ್ತೇನೆ. ಬೆಳಗ್ಗೆ ಐದಕ್ಕೆ ಗಂಜಿ ಕಾಯಿಸಿ, ಬಿಸಿಲು ಏರುವ ಮುಂಚೆ ಮಹಡಿ ಮೇಲೆ ಹಳೇ ಪಂಚೆ ಹಾಸಿ, ಎಂಟು ಜನ ಕೂತು ಸಂಡಿಗೆ ಹಾಕಿದರೆ ಒಂದು ಗಂಟೆಯ ಕೆಲಸ. ಅಳಿಯ ಹಾಕಿದ್ದು ಒಂದೊಂದೂ ರೊಟ್ಟಿಯಷ್ಟಿರುತ್ತದೆ. ಇರಲಿ ಬಿಡಿ, ಅದಕ್ಕೇ ಎಲ್ಲರೂ ಮೊದಲು ಕೈ ಹಾಕುತ್ತಾರೆ.

ಇನ್ನೊಂದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ ಒಟ್ಟಿಗೆ ಬಂದರೇನೇ ಸಂಭ್ರಮ ಅನ್ನುವುದನ್ನು ಸ್ವಲ್ಪ ಸಡಿಲಿಸಿ. ನಾಲ್ಕು ದಿನ ಎಲ್ಲರೂ ಒಟ್ಟಿಗಿರಲಿ, ಉಳಿದ ದಿನ ಒಂದೊಂದು ಸಂಸಾರ ಬೇರೆ ಬೇರೆಯಾಗಿ ಬರಲಿ. ಹತ್ತು ಜನರ ನಡುವೆ ಒಬ್ಬ ಮೊಮ್ಮಗಳ ಜೊತೆ ಕೂತು ಮಾತಾಡಲು ಪುರುಸೊತ್ತು ಸಿಗುವುದಿಲ್ಲ. ನಿಮಗೆ ಈಗ ರಜಾ ಅರ್ಜಿ ಹಾಕುವ ಕಷ್ಟ ಇಲ್ಲವಲ್ಲ. ಒಂಟಿಯಾಗಿ ಬರುವ ಮಗುವಿಗೆ ಅಕ್ಟೋಬರ್‌ನ ದಸರಾ ರಜೆಯನ್ನೂ ಇಟ್ಟುಕೊಳ್ಳಿ. ಸೊಸೆಗೂ ಒಂದು ಮಾತು ಕೇಳಿ, ಅವಳ ತಾಯಿ ಮನೆಗೆ ಎಷ್ಟು ದಿನ ಹೋಗಬೇಕು ಅಂತ. ಅವಳ ಅಮ್ಮನೂ ಬಾಗಿಲಲ್ಲಿ ನಿಂತಿರುತ್ತಾರೆ.

ಪ್ರಶ್ನೆ: ಬೋರ್‌ವೆಲ್ ನೀರು ಮಾರ್ಚ್‌ಗೇ ಕಮ್ಮಿಯಾಗುತ್ತದೆ. ಮಳೆನೀರು ಹಿಡಿದಿಟ್ಟರೆ ತರಕಾರಿ ತೋಟಕ್ಕೆ ಸಾಕಾಗುತ್ತಾ?
— ಓದುಗರು, ಕೋಲಾರ

ಉತ್ತರ: ಇಡೀ ಬೇಸಿಗೆಗೆ ಸಾಲದು, ಆದರೆ ಮೇ ತಿಂಗಳಿಗೆ ದೊಡ್ಡ ಸಹಾಯ. 1000 ಚದರ ಅಡಿ ಸೂರಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 4,600 ಲೀಟರ್ ನೀರು. ಭರಣಿ, ಕೃತ್ತಿಕೆಯಲ್ಲಿ ಒಂದೆರಡು ಒಳ್ಳೆ ಮಳೆ ಹಿಡಿದರೆ ನಿಮ್ಮ ಹತ್ತಿಪ್ಪತ್ತು ಬಳ್ಳಿಗೆ ಮುಂದಿನ ಮಳೆಯ ತನಕ ಆಗುತ್ತದೆ. ಮೊದಲ ಹತ್ತು ನಿಮಿಷದ ನೀರು ಹೊರಗೆ ಬಿಡಿ. ತೊಟ್ಟಿಗೆ ಬಿಸಿಲು ಬೀಳದಂತೆ, ಸೊಳ್ಳೆ ಹೋಗದಂತೆ ಮುಚ್ಚಿ. ನೀರು ತೀರಾ ಕಡಿಮೆ ಇದ್ದರೆ ತರಕಾರಿ ಅರ್ಧಕ್ಕೆ ಇಳಿಸಿ, ನುಗ್ಗೆ ಮತ್ತು ಕರಿಬೇವು ಉಳಿಸಿಕೊಳ್ಳಿ.

ಪ್ರಶ್ನೆ: ಹೆಂಡತಿ ತೀರಿಕೊಂಡು ಎರಡು ವರ್ಷ. ಅವಳ ಜೊತೆ ಇರಬೇಕು ಅಂತಲೇ 56ಕ್ಕೆ ಕೆಲಸ ಬಿಟ್ಟಿದ್ದೆ, ಒಟ್ಟಿಗೆ ಮೂರು ಬೇಸಿಗೆ ಸಿಕ್ಕಿತು. ತೋಟ ಅವಳದ್ದು, ನಾನು ನೀರು ಹಾಕುವವನು. ಈ ವರ್ಷ ಪುಣೆಯಿಂದ ಮಗ, ಮೊಮ್ಮಗು ಬರಲು ಆಗುತ್ತಿಲ್ಲ, ಮಗನಿಗೆ ರಜೆ ಸಿಗಲಿಲ್ಲ. ಸೌತೆ, ಹೀರೆ ಬಿಟ್ಟಿವೆ. ಕೀಳಲು ಮನಸ್ಸಿಲ್ಲ. ಯಾರಿಗೆ ಅಂತ ಕೀಳಲಿ?
— ಓದುಗರು, ಚಿಕ್ಕಮಗಳೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಒಟ್ಟಿಗೆ ಮೂರು ಬೇಸಿಗೆ ಅಂತ ಬರೆದಿದ್ದೀರಿ. 58ರ ತನಕ ಕಾದಿದ್ದರೆ ಅವುಗಳಲ್ಲಿ ಎರಡು ಇರುತ್ತಿರಲಿಲ್ಲ.

ಎಲ್ಲ ಕೀಳಬೇಕಿಲ್ಲ. ಒಳ್ಳೆಯ ಬಳ್ಳಿ ನೋಡಿ ಎರಡು ಸೌತೆ, ಎರಡು ಹೀರೆ ಬಿಟ್ಟುಬಿಡಿ, ಬೀಜಕ್ಕೆ. ಅವು ನಿಮ್ಮ ಮನೆಯವರು ಇಟ್ಟಿದ್ದ ನಾಟಿ ಬೀಜದಿಂದ ಬಂದ ಬಳ್ಳಿಗಳೇ ಆಗಿದ್ದರೆ ಇನ್ನೂ ಒಳ್ಳೆಯದು, ಅಂಗಡಿಯ ಹೈಬ್ರಿಡ್ ಆದರೆ ಮುಂದಿನ ಪೀಳಿಗೆ ಹಾಗೇ ಬರುವುದಿಲ್ಲ. ಸೌತೆ ಹಣ್ಣಾಗಿ ಕಂದು ಹಳದಿ ಆಗಲಿ. ಆಮೇಲೆ ಸೀಳಿ, ತಿರುಳು ಸಮೇತ ಬೀಜ ತೆಗೆದು ಒಂದೆರಡು ದಿನ ನೀರಿನಲ್ಲಿ ಬಿಡಿ, ಲೋಳೆ ಬಿಡುತ್ತದೆ. ತೇಲುವ ಬೀಜ ಚೆಲ್ಲಿ, ಮುಳುಗಿದ್ದನ್ನು ತೊಳೆದು ನೆರಳಲ್ಲಿ ಒಣಗಿಸಿ, ಬೂದಿಯಲ್ಲಿ ಹೊರಳಿಸಿ. ಹೀರೆ ಬಳ್ಳಿಯಲ್ಲೇ ಒಣಗಲಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ತುದಿ ಮುರಿದರೆ ಬೀಜ ತಾನೇ ಉದುರುತ್ತದೆ. ಹತ್ತತ್ತು ಬೀಜ ಕಾಗದದಲ್ಲಿ ಕಟ್ಟಿ, ಮೇಲೆ 'ಅಜ್ಜಿಯ ಸೌತೆ', 'ಅಜ್ಜಿಯ ಹೀರೆ' ಅಂತ ನಿಮ್ಮ ಕೈಯಲ್ಲೇ ಬರೆದು ಪುಣೆಗೆ ಪೋಸ್ಟ್ ಮಾಡಿ. ಬಾಲ್ಕನಿಯ ದೊಡ್ಡ ಕುಂಡದಲ್ಲಿ ಒಂದು ಬಳ್ಳಿ ಚೆನ್ನಾಗಿ ಹಬ್ಬುತ್ತದೆ.

ಉಳಿದ ಕಾಯಿ ನಾಳೆ ಬೆಳಗ್ಗೆ ಕಿತ್ತು ಪಕ್ಕದ ಮನೆಗೆ ಕೊಡಿ, ಬಲಿತರೆ ಬಳ್ಳಿ ಬೇಗ ನಿಲ್ಲುತ್ತದೆ. ಮೊಮ್ಮಗುವಿಗೆ ಎಷ್ಟು ವಯಸ್ಸು ಅಂತ ನೀವು ಬರೆದಿಲ್ಲ. ಎಷ್ಟಾದರೂ ಆಗಲಿ, ಇವತ್ತು ಸಂಜೆ ಆರರ ಹೊತ್ತಿಗೆ ಹೀರೆ ಚಪ್ಪರದ ಹತ್ತಿರ ಕುರ್ಚಿ ಹಾಕಿಕೊಂಡು ವಿಡಿಯೋ ಕಾಲ್ ಮಾಡಿ. ಮುಚ್ಚಿದ ಮೊಗ್ಗು ಯಾವುದು ಅಂತ ಮೊದಲು ತೋರಿಸಿ. ಆಮೇಲೆ ಫೋನ್ ಇಡದೆ ಇಬ್ಬರೂ ಕಾಯಿರಿ.